ಟೊಳ್ಳು ಎನ್ನದೆ ಟೊಳ್ಳನ್ನು ಹೆಸರಿಸುವುದು ಹೇಗೆ?

ಪದಗಳ ಬಗ್ಗೆ ಒಲವುಳ್ಳ ಎಲ್ಲರಿಗೂ ನಮಸ್ಕಾರ.

ಬಟ್ಟೆ, ನೂಲು, ನಾರುಗಳಿಂದ ಮೂರು ಆಯಾಮದ ಕಲಾಕೃತಿಗಳನ್ನು ಮಾಡುವುದನ್ನು ನಾನು ಮೇಲಿನ ತರಗತಿಯ ವಿದ್ಯಾರ್ಥಿಗಳಿಗೆ ಕಲಿಸುತ್ತೇನೆ. ಪಾಠ ನಡೆಯುವುದು ಕನ್ನಡದಲ್ಲಿ. ಮೇಜಿನ ಮುಂದೆ ನಿಂತು ಮಾತನಾಡುವಾಗ ಅರ್ಧ ಕೆಲಸವನ್ನು ಕೈಸನ್ನೆಯೇ ಮಾಡಿಬಿಡುತ್ತದೆ. ತೊಡಕು ಬರುವುದು ಬರೆಯಲು ಕುಳಿತಾಗ. ಮೌಲ್ಯಮಾಪನದ ಹಾಳೆಯಲ್ಲಿ ನಾನು ಬರೆದ ಒಂದು ಪದವೇ ಈ ಪತ್ರಕ್ಕೆ ಕಾರಣ.

ವಿದ್ಯಾರ್ಥಿನಿಯೊಬ್ಬಳು ಉಣ್ಣೆಯಿಂದ ಸೋರೆಬುರುಡೆಯ ಆಕಾರದ ಕೃತಿಯೊಂದನ್ನು ಮಾಡಿದ್ದಳು. ಅದರಲ್ಲಿ ಹೊಲಿಗೆಯೂ ಇಲ್ಲ, ನೇಯ್ಗೆಯೂ ಇಲ್ಲ. ಹಿಂಜಿದ ಉಣ್ಣೆಯನ್ನು ಒಂದು ಪ್ಲಾಸ್ಟಿಕ್ ಹಾಳೆಯ ಎರಡೂ ಬದಿಗೆ ಪದರ ಪದರವಾಗಿ ಹಾಸಿದ್ದಳು. ಒಂದು ಪದರದ ಎಳೆಗಳು ಉದ್ದಕ್ಕೆ ಹೋದರೆ ಮುಂದಿನ ಪದರದವು ಅಡ್ಡಕ್ಕೆ. ಬಿಸಿ ಸೋಪುನೀರು ಚಿಮುಕಿಸಿ, ಮೊದಲು ಮೆಲ್ಲಗೆ, ಆಮೇಲೆ ಬಲವಾಗಿ, ಅಂಗೈ ಕೆಂಪಾಗುವವರೆಗೆ ತಿಕ್ಕಿದಳು. ಉಣ್ಣೆ ಕುಗ್ಗಿ ಬಿಗಿಯಾದ ಮೇಲೆ ಒಂದು ತುದಿಯಲ್ಲಿ ಬಾಯಿ ಕತ್ತರಿಸಿ, ಒಳಗಿನ ಹಾಳೆಯನ್ನು ಸುರುಳಿ ಮಾಡಿ ಹೊರಗೆಳೆದಳು. ಕೈ ಒಳಗಿಟ್ಟು ಉಬ್ಬಿಸಿ, ತಿದ್ದಿ, ಒಣಗಿಸಿದಳು. ಮರುದಿನ ಅದು ಮೇಜಿನ ಮೇಲೆ ಯಾವ ಆಸರೆಯೂ ಇಲ್ಲದೆ ನಿಂತಿತ್ತು. ಕಿಟಕಿಗೆ ಹಿಡಿದರೆ ತೆಳುವಾದ ಕಡೆಗಳಲ್ಲಿ ಬೆಳಕು ಸೋಸಿ ಬರುತ್ತಿತ್ತು.

ನಾನು ಮನಸಾರೆ ಮೆಚ್ಚಿ ಬರೆದೆ: "ಒಳಗೆ ಪೂರ್ತಿ ಟೊಳ್ಳು, ಆದರೂ ಗಟ್ಟಿಯಾಗಿ ನಿಂತಿದೆ." ಅವಳು ಹಾಳೆ ಹಿಡಿದುಕೊಂಡು ಬಂದು, "ಎಲ್ಲಿ ತಪ್ಪಿದೆ ಹೇಳಿ, ತಿದ್ದಿಕೊಳ್ಳುತ್ತೇನೆ" ಎಂದಳು. ಮುಖ ಬಾಡಿತ್ತು.

ತಪ್ಪು ಅವಳದಲ್ಲ, ನನ್ನ ವಾಕ್ಯದ್ದು. ಕನ್ನಡದಲ್ಲಿ ಟೊಳ್ಳು ಎಂದರೆ ಬೈಗುಳಕ್ಕೆ ಹತ್ತಿರ. ಟೊಳ್ಳು ಮಾತು, ಟೊಳ್ಳು ಭರವಸೆ, ಟೊಳ್ಳು ವಾದ. ಅದರ ಜೊತೆಯ ಪೊಳ್ಳಂತೂ ಇನ್ನೂ ಕೀಳು, ಕಾಳಿಲ್ಲದ ಜೊಳ್ಳಿನ ಸಾಲಿನದು. ಎದುರಿಗೆ ಗಟ್ಟಿ ಎಂಬುದು ಬರೀ ಹೊಗಳಿಕೆ: ಗಟ್ಟಿ ಮನಸ್ಸು, ಗಟ್ಟಿ ಬರವಣಿಗೆ, ಗಟ್ಟಿ ಆಸಾಮಿ. "ಆದರೂ" ಎಂದು ನಡುವೆ ಸೇರಿಸಿ ನಾನೂ ಆ ತಕ್ಕಡಿಗೇ ಅವಳ ಕೃತಿಯನ್ನು ಹಾಕಿದ್ದೆ. ಒಳಗೆ ಏನೂ ಇಲ್ಲದಿರುವುದೇ ಆ ಕೃತಿಯ ಸಾಧನೆ ಎಂದು ಹೇಳಬೇಕಾದ ಕಡೆ, ಅದೊಂದು ಕೊರತೆ, ಅದನ್ನು ಹೇಗೋ ದಾಟಿದ್ದೀಯೆ ಎಂದಂತಾಯಿತು.

ಕಲ್ಲು ಕೆತ್ತುವವರಿಗೆ ಈ ಕಷ್ಟ ಅಷ್ಟಾಗಿ ಇಲ್ಲ. ಅವರ ಕೃತಿ ಒಳಗೂ ಕಲ್ಲೇ. ನೂಲು ನಾರುಗಳಲ್ಲಿ ಕೆಲಸ ಮಾಡುವವರಿಗೆ ಒಳಗಿನ ಖಾಲಿಯೇ ಅರ್ಧ ಸಾಮಗ್ರಿ. ತಂತಿಯಲ್ಲಿ ಶಿಲ್ಪ ಮಾಡಿದ ಅಮೆರಿಕದ ಕಲಾವಿದೆ ರೂತ್ ಅಸಾವಾ ಅವರನ್ನು ನೆನೆಯಿರಿ. 1947ರಲ್ಲಿ ಮೆಕ್ಸಿಕೋದಲ್ಲಿ ಬುಟ್ಟಿ ಹೆಣೆಯುವವರಿಂದ ತಂತಿಯ ಕುಣಿಕೆ ಹಾಕುವುದನ್ನು ಕಲಿತು, ಆ ವಿದ್ಯೆಯಿಂದ ಮುಂದೆ ದಶಕಗಳ ಕಾಲ ಕೃತಿಗಳನ್ನು ಮಾಡಿದರು. ಒಂದು ಬುರುಡೆಯೊಳಗೆ ಇನ್ನೊಂದು ಬುರುಡೆ, ಅದರೊಳಗೆ ಮತ್ತೊಂದು, ಎಲ್ಲವೂ ಪಾರದರ್ಶಕ. ತಂತಿಯನ್ನಷ್ಟೇ ತೂಗಿದರೆ ಆ ಕೃತಿಯ ಬಗ್ಗೆ ಏನೂ ತಿಳಿಯುವುದಿಲ್ಲ. ತಂತಿ ಸುತ್ತುವರಿದ ಗಾಳಿಯನ್ನು ನೋಡಬೇಕು. ಆ ಗಾಳಿಗೆ ವಿದ್ಯಾರ್ಥಿ ಏನೆಂದು ಕರೆಯಬೇಕು?

ಭೌತವಿಜ್ಞಾನದ ಪಠ್ಯದಲ್ಲಿ ಗಾತ್ರ, ದ್ರವ್ಯರಾಶಿ ಎಂಬ ಜೋಡಿ ಇದೆ. ಆದರೆ ಕಲೆಯ ತರಗತಿಯಲ್ಲಿ "ಇದರ ಗಾತ್ರ ಚೆನ್ನಾಗಿದೆ" ಎಂದರೆ ಎಲ್ಲರಿಗೂ ಕೇಳಿಸುವುದು ದೊಡ್ಡದಾಗಿದೆ ಎಂದು. ದ್ರವ್ಯರಾಶಿ ಎನ್ನುತ್ತಲೇ ಪ್ರಯೋಗಶಾಲೆಯ ತಕ್ಕಡಿ ಕಣ್ಣಮುಂದೆ ಬರುತ್ತದೆ. ಬುಟ್ಟಿಗೆ ಭಾರ ಕಡಿಮೆ, ಅದು ಹಿಡಿದಿಟ್ಟುಕೊಂಡ ಜಾಗ ಹೆಚ್ಚು. ಈ ವ್ಯತ್ಯಾಸ ಮೈಗೂಡದೆ ಬಟ್ಟೆಯಲ್ಲಿ ಶಿಲ್ಪ ಮಾಡಲು ಆಗುವುದಿಲ್ಲ. ಹೊಸದಾಗಿ ಬಂದ ವಿದ್ಯಾರ್ಥಿಗಳೆಲ್ಲ ಮೊದಲ ಕೆಲಸದಲ್ಲಿ ಬಟ್ಟೆಯ ಚೀಲ ಹೊಲಿದು ಹತ್ತಿ ತುರುಕುತ್ತಾರೆ. ಕೃತಿ ದಿಂಬಿನಂತೆ ಉಬ್ಬುತ್ತದೆ, ಅಲ್ಲಿಗೇ ನಿಲ್ಲುತ್ತದೆ. ತುಂಬದೆಯೂ ನಿಲ್ಲಿಸಬಹುದು ಎಂದು ಅವರಿಗೆ ಹೇಳಲು ಒಂದು ಗೌರವದ ಪದ ನನಗೆ ಬೇಕು.

ಹುಡುಕುತ್ತ ಹೋದಾಗ ಕೆಲವು ಸಿಕ್ಕವು. ಕುಹರ ಎಂಬುದು ಅಂಗರಚನಾಶಾಸ್ತ್ರದ ಪುಸ್ತಕದ್ದು, ಬಾಯಿಯಲ್ಲಿ ಬೆಚ್ಚಗಾಗುವುದಿಲ್ಲ. ಪೊಟರೆ ಬಹಳ ಚೆಲುವಾದ ಪದ, ಆದರೆ ಅದು ಮರದಲ್ಲಿ ತಾನಾಗಿ ಆದದ್ದು, ಯಾರೂ ಮಾಡಿದ್ದಲ್ಲ. ಗೂಡು ನನ್ನನ್ನು ಬಹಳ ದಿನ ಹಿಡಿದಿಟ್ಟುಕೊಂಡಿತು. ಎದೆಗೂಡು, ಹಕ್ಕಿಗೂಡು, ರೇಷ್ಮೆಗೂಡು: ಮೂರೂ ಟೊಳ್ಳೇ, ಮೂರರಲ್ಲೂ ಅವಮಾನವಿಲ್ಲ. ಅದರಲ್ಲಿಯೂ ರೇಷ್ಮೆಗೂಡು ನಮ್ಮ ವಿಷಯದ ಎದೆಯಲ್ಲೇ ಇದೆ. ಒಂದು ಹುಳು ನೂರಾರು ಮೀಟರ್ ಉದ್ದದ ಒಂದೇ ಎಳೆಯನ್ನು ತನ್ನ ಸುತ್ತ ಎಂಟರ ಆಕಾರದಲ್ಲಿ ಸುತ್ತುತ್ತ, ಮಗ್ಗವಿಲ್ಲದೆ, ಅಚ್ಚಿಲ್ಲದೆ, ಒಳಗಿನಿಂದಲೇ ಕಟ್ಟಿಕೊಳ್ಳುವ ಮನೆ. ನಾನು ಅದನ್ನು ಅಡ್ಡಡ್ಡ ಕತ್ತರಿಸಿ ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸುತ್ತೇನೆ. ಒಳಗೋಡೆ ನುಣುಪು, ಹೊರಗೋಡೆ ಒರಟು; ಬೆರಳಿನಿಂದ ಒತ್ತಿದರೆ ಚಿಮ್ಮಿ ಹಿಂದಿರುಗುತ್ತದೆ. ಆದರೂ ಗೂಡು ಎಂದ ಕೂಡಲೇ ಅದರೊಳಗೆ ಯಾರೋ ಇರಬೇಕು ಎಂಬ ನಿರೀಕ್ಷೆ ಹುಟ್ಟುತ್ತದೆ. ಯಾರೂ ಇಲ್ಲದ ಗೂಡು ದುಃಖದ ಚಿತ್ರ. ಎಲ್ಲ ಕೃತಿಗೂ ಆ ಭಾವ ಒಗ್ಗುವುದಿಲ್ಲ.

ಈಗ ನನ್ನ ಮನಸ್ಸು ನಿಂತಿರುವುದು ಒಡಲು ಎಂಬ ಪದದ ಮೇಲೆ. ಸೀರೆಯ ಬಗ್ಗೆ ಮಾತನಾಡುವಾಗ ಅಂಚು, ಸೆರಗು, ಒಡಲು ಎನ್ನುತ್ತೇವೆ. ಅಂದರೆ ಚಪ್ಪಟೆಯಾಗಿ ಹಾಸಿದ ಬಟ್ಟೆಗೇ ನಮ್ಮ ಮಾತು ಒಂದು ಒಡಲನ್ನು ಕೊಟ್ಟಿದೆ. ಒಡಲು ಎಂದರೆ ದೇಹ, ಹೊಟ್ಟೆ, ಒಳಗು. ಕಡಲ ಒಡಲು, ಭೂಮಿಯ ಒಡಲು ಎನ್ನುವಾಗ ಅದು ಏನನ್ನೋ ಒಳಗಿಟ್ಟುಕೊಳ್ಳಬಲ್ಲ ಆಳ. ಬಟ್ಟೆ ಎದ್ದು ನಿಂತು ಒಳಗೊಂದು ಜಾಗವನ್ನು ಹಿಡಿದುಕೊಂಡಾಗ, ಅದರ ಹಳೆಯ ಒಡಲೇ ಹೊಸ ಅರ್ಥದಲ್ಲಿ ತೆರೆದುಕೊಂಡಂತೆ ನನಗೆ ಕಾಣುತ್ತದೆ. "ಈ ಕೃತಿಯ ಒಡಲು ವಿಶಾಲವಾಗಿದೆ, ಗೋಡೆ ತೆಳುವಾಗಿದೆ" ಎಂದು ಬರೆದರೆ ಯಾರ ಮುಖವೂ ಬಾಡುವುದಿಲ್ಲ. ಒಳಗೂ ತುಂಬಿಕೊಂಡಿರುವುದಕ್ಕೆ ಘನ ಎಂದೇ ಇಟ್ಟುಕೊಳ್ಳಬಹುದು. ಒಡಲು ಮತ್ತು ಘನ, ಈ ಜೋಡಿ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?

ಇದರ ಪಕ್ಕದಲ್ಲೇ ಮೈ ಇದೆ. ಅದರ ಸೊಗಸೇ ತೊಡಕೂ ಆಗಿದೆ. ಮೈ ಎಂದರೆ ದೇಹ. ಮೇಲ್ಮೈ, ಒಳಮೈ, ಹೊರಮೈ ಎನ್ನುವಾಗ ಬರೀ ಹೊದಿಕೆಯ ಪದರ. ಬಣ್ಣ ಹಚ್ಚುವುದು, ಅಚ್ಚು ಒತ್ತುವುದು, ಕಸೂತಿ ಹಾಕುವುದು ಮೇಲ್ಮೈಯ ಕೆಲಸ. ಅದೇ ಬಟ್ಟೆ ಎದ್ದು ನಿಂತರೆ ಮೈದಳೆಯಿತು ಎನ್ನುತ್ತೇವೆ. ಮೂರು ಆಯಾಮ ಪಡೆಯುವುದು ಎಂಬ ಉದ್ದದ ಮಾತಿಗೆ ಮೈದಳೆ ಎಂಬ ಒಂದೇ ಕ್ರಿಯಾಪದ ಸಾಕು ಎಂಬುದು ನನ್ನ ಅನುಭವ. ತ್ರಿಆಯಾಮ, ತ್ರಿವಿಮೀಯ ಎಂಬ ರೂಪಗಳು ಪಠ್ಯಕ್ರಮದ ತಲೆಬರಹಕ್ಕೆ ಇರಲಿ; "ಈ ನೆರಿಗೆ ಇನ್ನೂ ಮೈದಳೆದಿಲ್ಲ" ಎಂದರೆ ಹಿಂದಿನ ಬೆಂಚಿನಲ್ಲಿರುವವರಿಗೂ ಏನು ಮಾಡಬೇಕೆಂದು ತಿಳಿಯುತ್ತದೆ.

ಇನ್ನೊಂದು ಪದದಿಂದ ನಾನು ನಿಜವಾಗಿ ನೊಂದಿದ್ದೇನೆ. ಕೃತಿಯ ಭಾಗಗಳ ನಡುವೆ ಬಿಡುವ ಖಾಲಿ ಜಾಗಕ್ಕೆ ಅನುವಾದಿತ ಟಿಪ್ಪಣಿಯೊಂದರಲ್ಲಿ ಋಣಾತ್ಮಕ ಅವಕಾಶ ಎಂದಿತ್ತು. ಓದಿದ ವಿದ್ಯಾರ್ಥಿಗೆ ಋಣ ಎಂದರೆ ಸಾಲ, ಅವಕಾಶ ಎಂದರೆ ಸಿಗುವ ಸಂದರ್ಭ. ಎರಡೂ ಸೇರಿ ಜಾಲರಿಯ ಕಣ್ಣನ್ನು ತೋರಿಸಲಾರವು. ನಾನು ತೆರಪು ಎಂದು ಹೇಳುತ್ತಿದ್ದೇನೆ. ಮಳೆ ತೆರಪು ಕೊಟ್ಟಿತು, ಗುಂಪಿನ ನಡುವೆ ತೆರಪು ಸಿಕ್ಕಿತು ಎನ್ನುವ ಅದೇ ತೆರಪು. ಸುತ್ತುವರಿದದ್ದು ಒಡಲು, ನಡುವೆ ಬಿಟ್ಟದ್ದು ತೆರಪು. ಬಲೆಯ ಕಣ್ಣುಗಳು ತೆರಪು. ಮೀನು ಬಿದ್ದ ಮೇಲೆ ಬಲೆ ಜೋತು ಪಡೆಯುವ ಆಕಾರ ಒಡಲು. ಈ ಹೋಲಿಕೆಯನ್ನು ಕೊಟ್ಟ ದಿನ ತರಗತಿಯಲ್ಲಿ ಮತ್ತೆ ವಿವರಣೆ ಬೇಕಾಗಲಿಲ್ಲ.

ಕ್ರಿಯಾಪದಗಳಲ್ಲಿ ಕನ್ನಡ ಬಹಳ ಶ್ರೀಮಂತ. ಹಾಸುಹೊಕ್ಕು ಎಂಬ ಮಾತನ್ನು ಬಿಡಿಸಿ ತೋರಿಸಿದರೆ ನೇಯ್ಗೆಯ ಮೊದಲ ಪಾಠವೇ ಮುಗಿಯುತ್ತದೆ: ಹಾಸಿದ್ದು ಉದ್ದದ ನೂಲು, ಹೊಕ್ಕಿದ್ದು ಅಡ್ಡದ ನೂಲು. ಆದರೆ ನೇಯುವುದಕ್ಕೂ ಹೆಣೆಯುವುದಕ್ಕೂ ಇರುವ ಗೆರೆಯನ್ನು ನಾವು ಪಾಠದಲ್ಲಿ ಬಳಸಿಕೊಂಡಿಲ್ಲ ಅನಿಸುತ್ತದೆ. ನೇಯುವುದು ಮಗ್ಗದ ಮೇಲೆ, ಬಿಗಿದ ಹಾಸಿನ ಮೇಲೆ. ಹೊರಬರುವುದು ಬಹುಪಾಲು ಚಪ್ಪಟೆ. ಹೆಣೆಯುವುದು ಕೈಯಲ್ಲಿ, ತಿರುಗಿಸುತ್ತ. ಬುಟ್ಟಿ, ಜಡೆ, ಬಲೆ ಎಲ್ಲ ಹೆಣಿಗೆಯೇ. ನಮ್ಮ ದೇಶದ ಶಿಲ್ಪಿ ಮೃಣಾಲಿನಿ ಮುಖರ್ಜಿ ಬಣ್ಣ ಹಾಕಿದ ಸೆಣಬಿನ ಹುರಿಯನ್ನು ಗಂಟು ಹಾಕುತ್ತ ಆಳೆತ್ತರದ ಆಕೃತಿಗಳನ್ನು ಎಬ್ಬಿಸಿದರು. ಅವುಗಳಿಗೆ ಅವರು ಇಟ್ಟ ಹೆಸರುಗಳು ಯಕ್ಷಿ, ವನಶ್ರೀ. ಅಲ್ಲಿ ಮಗ್ಗವೇ ಇಲ್ಲ. ಅದನ್ನು ನೇಯ್ಗೆ ಎಂದು ಬರೆದರೆ ತಪ್ಪು, ಗಂಟುಹೆಣಿಗೆ ಎನ್ನಬಹುದೇ?

ಉಣ್ಣೆಯ ಆ ಕೆಲಸಕ್ಕೂ ಒಂದು ಪದ ಬೇಕು. ಕಂಬಳಿ ಎನ್ನಲಾಗದು, ಕಂಬಳಿ ನೇಯ್ದದ್ದು. ಉಣ್ಣೆಯ ಪ್ರತಿ ಕೂದಲಿನ ಮೇಲೂ ಮೀನಿನ ಹುರುಪೆಯಂಥ ಸಣ್ಣ ಪೊರೆಗಳಿರುತ್ತವೆ. ಬಿಸಿನೀರು, ಸೋಪು, ತಿಕ್ಕಾಟ ಸೇರಿದಾಗ ಆ ಪೊರೆಗಳಿಂದಾಗಿ ಕೂದಲುಗಳು ಒಂದರೊಳಗೊಂದು ನುಸುಳಿ ಸಿಕ್ಕಿಕೊಳ್ಳುತ್ತವೆ, ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಬಾಚದೆ ಬಿಟ್ಟ ತಲೆಗೂದಲಿಗೆ ಜಡೆಗಟ್ಟಿದೆ ಎನ್ನುತ್ತೇವಲ್ಲ, ನೋಟಕ್ಕೂ ಮುಟ್ಟುವುದಕ್ಕೂ ಅದೇ. ಉಣ್ಣೆಯನ್ನು ಜಡೆಗಟ್ಟಿಸುವುದು ಎಂದು ನಾನು ಬಳಸತೊಡಗಿದ್ದೇನೆ. ವಿದ್ಯಾರ್ಥಿಗಳು ಇದನ್ನು ತಕ್ಷಣ ಎತ್ತಿಕೊಂಡರು. ಆದರೆ ಜಡೆ ಎಂದರೆ ಹೆಣೆದ ಕೂದಲೂ ಹೌದು ಎಂಬುದೊಂದು ಅನುಮಾನ ಉಳಿದಿದೆ.

ಬಟ್ಟೆ, ನಾರುಗಳಂಥ ಮೆತ್ತನೆಯ ಸಾಮಗ್ರಿಯ ಕೃತಿಗಳನ್ನು ಮೃದುಶಿಲ್ಪ ಎನ್ನುವುದಕ್ಕೆ ಕೆಲವರು ಅಡ್ಡಿ ಹೇಳುತ್ತಾರೆ: ಶಿಲ್ಪ ಶಿಲೆಯಿಂದ ಬಂದದ್ದು, ಮೆತ್ತನೆಯ ಶಿಲ್ಪ ಹೇಗಾದೀತು ಎಂದು. ಇದನ್ನು ನಾನು ಒಪ್ಪುವುದಿಲ್ಲ. ಸಂಸ್ಕೃತದಲ್ಲಿ ಶಿಲ್ಪ ಎಂದರೆ ಕೈಯ ಕುಶಲ ಕಸುಬು ಯಾವುದಾದರೂ ಆದೀತು. ಕಲ್ಲಿಗೆ ಅದು ಅಂಟಿಕೊಂಡದ್ದು ಬಳಕೆಯಿಂದ. ಶಿಲ್ಪವನ್ನು ಬಟ್ಟೆಗೆ ಬಳಸಿದರೆ ಪದವನ್ನು ಹಿಗ್ಗಿಸಿದಂತಲ್ಲ, ಅದರ ಹಳೆಯ ಹರವನ್ನು ಮರಳಿ ಕೊಟ್ಟಂತೆ.

ಹೆಸರು ಕೃತಿಗಿಂತ ಹಿಂದುಳಿಯುವುದು ನಮ್ಮ ನುಡಿಗೆ ಮಾತ್ರ ಬಂದ ಕಷ್ಟವಲ್ಲ. ಪೋಲೆಂಡಿನ ಕಲಾವಿದೆ ಮಾಗ್ದಲೇನಾ ಅಬಕಾನೋವಿಚ್ 1960ರ ದಶಕದಲ್ಲಿ ಸೀಸಲ್ ಎಂಬ ಕತ್ತಾಳೆ ಜಾತಿಯ ನಾರಿನಿಂದ ನೇಯ್ದು ಚಾವಣಿಯಿಂದ ಇಳಿಬಿಟ್ಟ, ಒಳಗೆ ಹೊಕ್ಕು ನೋಡಬಹುದಾದಂಥ ಕೃತಿಗಳಿಗೆ ಇದ್ದ ಯಾವ ಪದವೂ ಹೊಂದದೆ, ಕೊನೆಗೆ ಆಕೆಯ ಹೆಸರಿನ ತುಂಡಿನಿಂದಲೇ ಅಬಕಾನ್ ಎಂಬ ಹೆಸರು ನಿಂತಿತು. 1969ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ಇಂಥ ಕೃತಿಗಳ ಪ್ರದರ್ಶನ ಏರ್ಪಡಿಸಿದಾಗ, ಕೆಲವು ಕೃತಿಗಳು ಗೋಡೆ ಬಿಟ್ಟು ಈಚೆಗೆ ಬಂದು ನಿಂತಿದ್ದರೂ, ಪ್ರದರ್ಶನದ ಹೆಸರು ಗೋಡೆಗೆ ತೂಗುಹಾಕುವ ಬಟ್ಟೆಗಳದ್ದೇ ಆಗಿತ್ತು.

ಒಟ್ಟು ವಿಷಯಕ್ಕೆ ಜವಳಿ ಕಲೆ ಎಂಬ ಹೆಸರು ನನಗೆ ರುಚಿಸುವುದಿಲ್ಲ. ಜವಳಿ ವ್ಯಾಪಾರದ ಪದ, ಅದರ ಹಿಂದೆ ಅಂಗಡಿಯ ಕಪಾಟು ಇದೆ. ವಸ್ತ್ರಕಲೆ ಎಂದರೆ ಉಡುವುದಕ್ಕೆ ಕಟ್ಟುಬೀಳುತ್ತದೆ. ಎಳೆಗಲೆ ಎಂದು ಯೋಚಿಸಿದೆ, ಏಕೆಂದರೆ ನಾರು, ನೂಲು, ತಂತಿ ಎಲ್ಲಕ್ಕೂ ಎಳೆ ಒಗ್ಗುತ್ತದೆ. ಆದರೆ ಎಳೆಯ ಕಲೆ, ಇನ್ನೂ ಬಲಿಯದ ಕಲೆ ಎಂದು ಕೇಳಿಸೀತು ಎಂಬ ಅಳುಕಿದೆ. ಇನ್ನೊಂದು ಹೆಸರೂ ಬೇಕಿದೆ: ಕಲಾವಿದರು ವರ್ಷಾನುಗಟ್ಟಲೆ ರೂಢಿಸಿಕೊಂಡ ಕೆಲಸದ ರೀತಿಯನ್ನು ಅಭ್ಯಾಸ ಎಂದು ಕರೆದರೆ ಕಲಿಯುವವರ ತಾಲೀಮು ಎನಿಸುತ್ತದೆ. ಪರಿಪಾಠ ಇದ್ದುದರಲ್ಲಿ ಹತ್ತಿರ. ಇವೆರಡಕ್ಕೂ ನಿಮ್ಮಲ್ಲಿ ಉತ್ತಮವಾದದ್ದಿದ್ದರೆ ಸಂತೋಷದಿಂದ ಬಿಟ್ಟುಕೊಡುತ್ತೇನೆ.

ನನಗೆ ತುರ್ತಾಗಿ ಬೇಕಿರುವುದು ಒಡಲು ಮತ್ತು ತೆರಪುಗಳ ಬಗ್ಗೆ ನಿಮ್ಮ ಅಭಿಪ್ರಾಯ. ಬುಟ್ಟಿ, ಬಲೆ, ಚಾಪೆ, ಮಗ್ಗದ ಕೆಲಸ ಬಲ್ಲ ಮನೆಗಳಿಂದ ಬಂದವರು ಇಲ್ಲಿ ಇದ್ದೀರಿ. ಹೆಣೆದು ಮುಗಿಸಿದ ಬುಟ್ಟಿಯ ಒಳಜಾಗಕ್ಕೆ ನಿಮ್ಮ ಹಿರಿಯರು ಏನೆನ್ನುತ್ತಿದ್ದರು? ಕಣ್ಣು, ಬಾಯಿ, ತಳ, ಕಂಠ ಎಂಬವು ನನಗೆ ಗೊತ್ತು. ಒಳಗಿನದಕ್ಕೆ ಹೆಸರಿತ್ತೇ? ಆ ವಿದ್ಯಾರ್ಥಿನಿಯ ಹಾಳೆಯಲ್ಲಿ ಟೊಳ್ಳು ಎಂಬುದನ್ನು ಹೊಡೆದುಹಾಕಿ ಸದ್ಯಕ್ಕೆ ಪೆನ್ಸಿಲಿನಿಂದ ಒಡಲು ಎಂದು ಬರೆದಿದ್ದೇನೆ.