ಪದಚರ್ಚೆ: 1453ರ ಮುತ್ತಿಗೆಗೆ ‘ಫಿರಂಗಿ’ಯೋ ‘ತೋಪೋ’?

ಎಲ್ಲರಿಗೂ ನಮಸ್ಕಾರ.

ಕಾನ್‌ಸ್ಟಾಂಟಿನೋಪಲ್ (ಇವತ್ತಿನ ಇಸ್ತಾಂಬುಲ್) ತುರ್ಕರ ಪಾಲಾದ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಗಾಡಿ ನಿಂತುಬಿಟ್ಟಿದೆ. 1453ರ ಏಪ್ರಿಲ್ 6ರಿಂದ ಮೇ 29ರವರೆಗೆ ಎರಡನೇ ಮೆಹ್ಮದ್ ಸುಲ್ತಾನ ಆ ಊರಿನ ಕೋಟೆಗೋಡೆಗೆ ಹೊಡೆದದ್ದು ಯಾವುದರಿಂದ? ಕೈ ತಾನಾಗೇ ‘ಫಿರಂಗಿ’ ಅಂತ ಬರೆಯುತ್ತದೆ. ಶಾಲೆಯಲ್ಲಿ ಓದಿದ್ದೂ ಅದೇ.

ಆದರೆ ಫಿರಂಗಿ ಅಂದ್ರೆ ಮೂಲದಲ್ಲಿ ‘ಫ್ರಾಂಕ್’, ಪಶ್ಚಿಮ ಯೂರೋಪಿನವನು. ಪಾರಸಿಯ ‘ಫರಂಗ್’ ದಾಟಿಕೊಂಡು ನಮ್ಮಲ್ಲಿಗೆ ಬಂತು. ಬಂದಮೇಲೆ ಮನುಷ್ಯನಿಗೂ, ಆಯುಧಕ್ಕೂ, ಕೊನೆಗೆ ಪರಂಗಿ ಹಣ್ಣಿಗೂ ಅಂಟಿಕೊಂಡಿತು. ಸಮಸ್ಯೆ ಏನಂದ್ರೆ, ಕಾನ್‌ಸ್ಟಾಂಟಿನೋಪಲ್‌ನ ಗ್ರೀಕರೂ ಪಶ್ಚಿಮದವರನ್ನು ಫ್ರಾಂಕರು ಅಂತಲೇ ಕರೆಯುತ್ತಿದ್ದರು, ಮತ್ತು ಆ ಫ್ರಾಂಕರಲ್ಲಿ ಕೆಲವರು ಅವರ ಪರವಾಗಿಯೇ ಹೋರಾಡುತ್ತಿದ್ದರು. ಭೂಮಿ ಕಡೆಯ ಗೋಡೆ ಕಾಯುವ ಹೊಣೆ ಹೊತ್ತಿದ್ದ ಜುಸ್ಟಿನಿಯಾನಿ ಇಟಲಿಯ ಜಿನೋವಾದವನು. ಅಂದ್ರೆ ಫಿರಂಗಿಯವರು ಗೋಡೆಯ ಒಳಗೆ, ಫಿರಂಗಿ ಗೋಡೆಯ ಹೊರಗೆ! ಓದುವವರಿಗೆ ತಲೆ ಕೆಡುವುದಿಲ್ವಾ?

ಹಾಗಂತ ಪದ ಪೂರ್ತಿ ತಪ್ಪು ಅನ್ನೋಕೂ ಆಗಲ್ಲ. ಎಲ್ಲಕ್ಕಿಂತ ದೊಡ್ಡದನ್ನು ಎರಕ ಹೊಯ್ದ ಅರ್ಬನ್ ಹಂಗೆರಿಯಿಂದ ಬಂದವನು. ಮೊದಲು ಅವನು ಹೋದದ್ದು ಕಾನ್‌ಸ್ಟಾಂಟಿನೋಪಲ್ ಆಳುತ್ತಿದ್ದ ಚಕ್ರವರ್ತಿ ಹನ್ನೊಂದನೇ ಕಾನ್‌ಸ್ಟಂಟೈನ್ ಹತ್ತಿರವೇ. ಅಲ್ಲಿ ಖಜಾನೆ ಖಾಲಿ, ಸಂಬಳ ಕೊಡಲು ಗತಿಯಿಲ್ಲ. ಸುಲ್ತಾನ ಕೇಳಿದ್ದಕ್ಕಿಂತ ಜಾಸ್ತಿಯೇ ಕೊಟ್ಟ. ತುರ್ಕರ ಆಗಿನ ರಾಜಧಾನಿ ಎಡಿರ್ನೆಯಲ್ಲಿ ತಯಾರಾದ ಅದನ್ನು ಅರವತ್ತು ಎತ್ತು ಕಟ್ಟಿ ಎಳೆಸಿದರು ಅಂತ ಆ ಕಾಲದವರು ಬರೆದಿದ್ದಾರೆ. ಒಂದೊಂದು ಗುಂಡೂ ಅರ್ಧ ಟನ್ನಿಗಿಂತ ಭಾರದ ಕಲ್ಲು, ಕೊಳವೆ ಅಷ್ಟು ಕಾಯುತ್ತಿದ್ದದ್ದರಿಂದ ದಿನಕ್ಕೆ ಏಳೇ ಏಟು. ‘ಗುಂಡು’ ಅನ್ನುವ ನಮ್ಮ ಪದ ಮಾತ್ರ ಇಲ್ಲಿ ಸರಿಯಾಗಿ ಕೂತಿದೆ, ನಿಜವಾದ ಗುಂಡುಕಲ್ಲೇ ತಾನೆ.

ನನ್ನ ಮನಸ್ಸು ‘ತೋಪು’ ಕಡೆಗಿದೆ. ಅದು ತುರ್ಕಿಯ ‘ತೊಪ್’, ಆ ಸೈನಿಕರ ಬಾಯಲ್ಲೇ ಇದ್ದ ಮಾತು. ಹೆಚ್ಚು ಏಟು ತಿಂದ ಸಂತ ರೊಮಾನೊಸ್ ಬಾಗಿಲಿಗೆ ಆಮೇಲೆ ‘ತೊಪ್‌ಕಪಿ’ ಅಂತ ಹೆಸರು ಬಂತು, ಅಂದ್ರೆ ತೋಪಿನ ಬಾಗಿಲು. ವಿಜಯಪುರದವರಿಗಂತೂ ಇದು ಮನೆಮಾತು, ಮುಲ್ಕ್ ಮೈದಾನ್ ತೋಪನ್ನು ಫಿರಂಗಿ ಅಂದ್ರೆ ಅವರ ಕಿವಿಗೆ ಒಗ್ಗಲ್ಲ. ಅದನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನ ಹೆಸರಲ್ಲೂ ‘ರೂಮಿ’ ಇದೆ. ರೂಮಿ ಅಂದ್ರೆ ರೂಮಿನವನು, ಅಂದ್ರೆ ರೋಮಿನವನು, ಅಂದ್ರೆ ಆಗಿನ ಲೆಕ್ಕದಲ್ಲಿ ಆಟೊಮನ್ ತುರ್ಕರ ನಾಡಿನವನು! ಕಾನ್‌ಸ್ಟಾಂಟಿನೋಪಲ್ ಗೆದ್ದ ಮೆಹ್ಮದ್ ತನ್ನನ್ನು ರೂಮಿನ ಕೈಸರ್ ಅಂತ ಕರೆದುಕೊಂಡಿದ್ದ. ಇದು ಬೇರೆಯೇ ಚರ್ಚೆ, ಇನ್ನೊಮ್ಮೆ ಮಾಡೋಣ.

ತೊಂದರೆ ಎರಡು. ‘ಊರ ಮುಂದೆ ತೋಪು ಇತ್ತು’ ಅಂದ್ರೆ ಮೈಸೂರು ಕಡೆಯವರಿಗೆ ಮಾವಿನ ಮರಗಳೇ ಕಾಣುತ್ತವೆ. ಇನ್ನು ಚಿಕ್ಕವರಿಗೆ ತೋಪು ಅಂದ ಕೂಡಲೇ ಸಿನಿಮಾ ‘ತೋಪೆದ್ದು ಹೋಯ್ತು’ ಅನ್ನೋದು ನೆನಪಾಗುತ್ತದೆ. (ಈ ‘ತೋಪೇಳು’ ಎಲ್ಲಿಂದ ಬಂತು, ಯಾರಾದರೂ ಬಲ್ಲಿರಾ?)

ಅದೇ ಬರಹದಲ್ಲಿ ಸರಿಯಾಗಿ ಏಳು ವಾರದ ನಂತರ ಫ್ರಾನ್ಸಿನಲ್ಲಿ ನಡೆದ ಕಾಸ್ಟಿಯೋಂ ಕಾಳಗವೂ ಬರುತ್ತದೆ. 1453ರ ಜುಲೈ 17, ಫ್ರೆಂಚರ ಗುಂಡಿಗೆ ಇಂಗ್ಲಿಷರ ಪಡೆ ಚೂರಾಗಿ, ನೂರು ವರ್ಷದ ಯುದ್ಧಕ್ಕೆ ತೆರೆ ಬಿದ್ದದ್ದು ಅಲ್ಲೇ. ಅಲ್ಲಿ ‘ಫಿರಂಗಿ’ ಅಚ್ಚುಕಟ್ಟಾಗಿ ಹೊಂದುತ್ತದೆ, ಫ್ರೆಂಚರದ್ದೇ ಅಲ್ವಾ. ಹಾಗಾಗಿ ತುರ್ಕರದ್ದು ತೋಪು, ಫ್ರೆಂಚರದ್ದು ಫಿರಂಗಿ ಅಂತ ಒಂದೇ ಬರಹದಲ್ಲಿ ಎರಡೂ ಇಡಬಹುದಾ, ಅಥವಾ ಎರಡು ಬೇರೆ ಆಯುಧ ಅಂತ ಓದುಗರು ತಿಳಿದುಬಿಡುತ್ತಾರಾ? ಅರ್ಬನ್‌ನ ಆ ದೈತ್ಯಕ್ಕೆ ‘ಹೆದ್ದೋಪು’ ಅಂತ ಹಾಕಿದ್ದೇನೆ, ಹೆದ್ದಾರಿ, ಹೆದ್ದೆರೆ ಥರ. ಬೈಯುವುದಿದ್ದರೆ ಬೈಯಿರಿ, ಆದರೆ ಇದಕ್ಕಿಂತ ಒಳ್ಳೆಯದೊಂದನ್ನೂ ಜೊತೆಗೆ ಕೊಡಿ.