ಸ್ಮಾರ್ಟ್ ಮೀಟರ್ ಕೊಳ್ಳುವ ಮುಂಚೆ ಶನಿವಾರ ರಾತ್ರಿ ಟ್ಯಾಂಕ್ ಅಳೆಯೋಣ

ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ 120 ಮನೆಗೂ ಸ್ಮಾರ್ಟ್ ನೀರಿನ ಮೀಟರ್, ಜೊತೆಗೆ ಮೊಬೈಲ್ ಆ್ಯಪ್ ಅಂತ ಕೊಟೇಶನ್ ಬಂದಿದೆ. ಟ್ಯಾಂಕರ್ ಖರ್ಚು ಇಳಿಯುತ್ತಾ? ತಿಳಿದವರು ಹೇಳಿ.

ಮನೆ 47: ಮನೆ ಮೀಟರ್ ಆಮೇಲೆ ಸಾರ್. ಮೊದಲು ನೀರು ಒಳಗೆ ಬರೋ ಕಡೆಯೆಲ್ಲ ಅಳತೆ ಬೇಕು. ಕಾವೇರಿ ಲೈನ್, ಎರಡು ಬೋರ್‌ವೆಲ್, ಟ್ಯಾಂಕರ್ ಸುರಿಯೋ ಪೈಪು, ಓವರ್‌ಹೆಡ್ ಟ್ಯಾಂಕಿನಿಂದ ಇಳಿಯೋ ಪೈಪು, ಒಟ್ಟು ಐದೇ ಮೀಟರ್. ಇಳಿದ ನೀರಿಗೂ ಮನೆಗಳ ಈಗಿನ ರೀಡಿಂಗ್ ಮೊತ್ತಕ್ಕೂ ತಾಳೆ ಆಗದಿದ್ರೆ ಆ್ಯಪ್‌ನಲ್ಲಿ ಕಾಣೋದು ಬರೀ ಬಣ್ಣದ ಗ್ರಾಫು.

ಮನೆ 12: ಸೋರಿಕೆ ಇದ್ರೆ ಎಲ್ಲಾದ್ರೂ ಒದ್ದೆ ಕಾಣಬೇಕಲ್ವಾ?

ಮನೆ 47: ಕಾಣಲೇಬೇಕು ಅಂತಿಲ್ಲ ಮೇಡಂ, ಚರಂಡಿಗೆ ಹರಿದುಹೋಗ್ತಿರಬಹುದು. ಕಂಡುಹಿಡಿಯೋಕೆ ಟೇಪು ಸಾಕು. ನಮ್ಮ ಓವರ್‌ಹೆಡ್ ಟ್ಯಾಂಕಿನ ಒಳ ಅಳತೆ 5×4 ಮೀಟರ್, ಅಂದ್ರೆ 1 ಸೆಂ.ಮೀ. ಇಳಿದ್ರೆ 200 ಲೀಟರ್. ರಾತ್ರಿ 2ಕ್ಕೆ ಪಂಪ್ ಆಫ್. ಎಲ್ಲ ಮನೆಯವರೂ ಮೀಟರ್ ಪಕ್ಕದ ವಾಲ್ವ್ ಮುಚ್ಚಿರಬೇಕು, ಇಲ್ಲದಿದ್ರೆ ಬಾಲ್ ಕಾಕ್ (ತೇಲೋ ಚೆಂಡಿನ ವಾಲ್ವ್) ತೆರೆದು ಮನೆ ಟ್ಯಾಂಕ್ ತುಂಬೋ ನೀರೂ ಸೋರಿಕೆ ಲೆಕ್ಕಕ್ಕೇ ಸೇರುತ್ತೆ. 4ರ ಹೊತ್ತಿಗೆ 6 ಸೆಂ.ಮೀ. ಇಳಿದಿದ್ರೆ ಗಂಟೆಗೆ 600 ಲೀಟರ್, ದಿನಕ್ಕೆ 14,400. ಒಂದು 12,000 ಲೀಟರ್ ಟ್ಯಾಂಕರ್‌ಗಿಂತ ಜಾಸ್ತಿ! ಹಗಲಲ್ಲಿ ಪೈಪಿನ ಪ್ರೆಶರ್ ಕಡಿಮೆ ಇರೋದ್ರಿಂದ ನಿಜವಾದ ಅಂಕಿ ತುಸು ಕೆಳಗಿರುತ್ತೆ ಅಷ್ಟೆ.

ಆಮೇಲೆ ಒಂದೊಂದೇ ಅಡ್ಡರಸ್ತೆಯ ವಾಲ್ವ್ ಮುಚ್ಚಿ, ಪ್ರತಿ ಸಲ 20 ನಿಮಿಷ ಕಾದು ಅಳೀಬೇಕು. ಯಾವುದನ್ನ ಮುಚ್ಚಿದಾಗ ಇಳಿತ ನಿಲ್ಲುತ್ತೋ ಆ ರಸ್ತೆ ಅಗೆಯೋದು. ಹಳೇ ಗೇಟ್ ವಾಲ್ವ್ ಪೂರ್ತಿ ಕೂರದೆ ನೀರು ಬಿಟ್ರೆ ಲೆಕ್ಕವೆಲ್ಲ ಕೆಡುತ್ತೆ, ಅದನ್ನ ಮೊದಲೇ ನೋಡ್ಕೊಳ್ಳಿ.

ಮನೆ 88: ಕಾವೇರಿ ಲೈನ್ ಬಗ್ಗೆ ಒಂದು ಮಾತು. ಜಲಮಂಡಳಿ ಮೀಟರ್ ನಾವು ಮುಟ್ಟೋ ಹಾಗಿಲ್ಲ, ನೀರು ಅದನ್ನ ದಾಟಿದ ಮೇಲೆ, ನಮ್ಮ ಕಡೆಯ ಪೈಪಿನಲ್ಲಿ ನಮ್ಮದು ಕೂರಬೇಕು. ನೀರು ಬಿಟ್ಟು ಬಿಟ್ಟು ಬರೋ ಕಡೆ ಮೊದಲು ನುಗ್ಗೋದು ಗಾಳಿ. ಮೆಕ್ಯಾನಿಕಲ್ ಮೀಟರ್ ಗಾಳಿಗೂ ಗಿರಗಿರ ತಿರುಗುತ್ತೆ. ನೀರು ಮೀಟರ್ ತಲುಪೋ ಮೊದಲೇ ಏರ್ ವಾಲ್ವ್ (ಗಾಳಿ ಹೊರಬಿಡೋ ವಾಲ್ವ್) ಹಾಕಿ, ಮೀಟರ್ ಕೂರೋ ಜಾಗದಲ್ಲಿ ಪೈಪನ್ನ ಯು ಆಕಾರದಲ್ಲಿ ಇಳಿಸಿ, ಅಲ್ಲಿ ಯಾವಾಗಲೂ ನೀರು ತುಂಬಿರಬೇಕು. 50 ಮಿ.ಮೀ. ಪೈಪಾದ್ರೆ ಮೀಟರ್‌ಗೆ ಮೊದಲು 50 ಸೆಂ.ಮೀ., ನಂತರ 25 ಸೆಂ.ಮೀ. ನೇರ ಪೈಪು ಬಿಡಿ. ಎಲ್ಬೋ ಪಕ್ಕದಲ್ಲೇ ಕೂರಿಸಿದ್ರೆ ನೀರು ಸುಳಿ ಸುತ್ತಿ ರೀಡಿಂಗ್ ತಪ್ಪುತ್ತೆ. ಬೋರ್‌ವೆಲ್ ಕಡೆ ಸ್ಟ್ರೈನರ್ (ಕಸ ತಡೆಯೋ ಜಾಲರಿ) ಕಡ್ಡಾಯ, ಮರಳು ಸೇರಿದ್ರೆ ಚಕ್ರ ಜಾಮ್.

ಮನೆ 31: ಸಂಪಿನಲ್ಲಿ (ನೆಲದೊಳಗಿನ ಟ್ಯಾಂಕು) ಲೆವೆಲ್ ಸೆನ್ಸರ್ ಹಾಕೋದಾದ್ರೆ ಮುಚ್ಚಳಕ್ಕೆ ಅಂಟಿಸೋ ಅಲ್ಟ್ರಾಸಾನಿಕ್ (ಶಬ್ದದ ಅಲೆ ಕಳಿಸಿ ಮಟ್ಟ ಅಳೆಯೋದು) ಬೇಡ. ಒಳಗಿನ ಹಬೆ ಅದರ ಮುಖದ ಮೇಲೆ ಹನಿಯಾಗಿ ಕೂತು, ಸಂಪು ಖಾಲಿ ಇದ್ರೂ ತುಂಬಿದೆ ಅಂತ ತೋರಿಸಬಹುದು. ಪಂಪ್ ಒಣಗಿ ಓಡಿ ಸೀಲ್ ಸುಡುತ್ತೆ. ನೀರಲ್ಲಿ ಇಳಿಬಿಡೋ ಪ್ರೆಶರ್ ಸೆನ್ಸರ್ ತಗೊಳ್ಳಿ, 0–5 ಮೀಟರ್ ಆಳ ಅಳೆದು 4–20 ಮಿಲಿಆಂಪ್ ಕರೆಂಟಾಗಿ ತಿಳಿಸೋದು. ಖಾಲಿ ಇದ್ರೆ 4 ಮಿಲಿಆಂಪ್, ಎರಡೂವರೆ ಮೀಟರ್ ನೀರಿದ್ರೆ 12. ವೈರ್ ತುಂಡಾದ್ರೆ 0 ಬರುತ್ತೆ, ಹಾಗಾಗಿ ಖಾಲಿ ಸಂಪು ಯಾವುದು, ಕೆಟ್ಟ ಸೆನ್ಸರ್ ಯಾವುದು ಅಂತ ಗೊತ್ತಾಗುತ್ತೆ. ಪಂಪ್ ನಿಲ್ಲಿಸೋಕೆ ಹಳೇ ಫ್ಲೋಟ್ ಸ್ವಿಚ್ ಹಾಗೇ ಇರಲಿ.

ಮನೆ 63: ಪಲ್ಸ್ ಮೀಟರ್ (ಇಷ್ಟಿಷ್ಟು ಲೀಟರ್ ಹರಿದಾಗ ಒಂದೊಂದು ಸಿಗ್ನಲ್ ಕೊಡೋದು) ಆದ್ರೆ ಒಂದು ಪಲ್ಸ್‌ಗೆ ಎಷ್ಟು ಲೀಟರ್ ಅಂತ ಡಯಲ್ ನೋಡಿ ಸೆಟ್ ಮಾಡಿಸಿ. 10 ಇರೋ ಕಡೆ 1 ಕೊಟ್ರೆ ಸಾವಿರ ಲೀಟರ್ ನೂರಾಗಿ ಕಾಣುತ್ತೆ. ಹಾಕಿದ ದಿನದ ಡಯಲ್ ರೀಡಿಂಗ್ ಫೋಟೋ ತೆಗೆದಿಡಿ. ಮೀಟರ್ ಗುಂಡಿಯ ಎರಕದ ಕಬ್ಬಿಣದ ಮುಚ್ಚಳದ ಕೆಳಗಿಂದ ಸಿಗ್ನಲ್ ಹೊರಗೆ ಬರೋದು ಕಷ್ಟ, ಫೈಬರ್ ಮುಚ್ಚಳ ಹಾಕಿಸಿ. ಗಂಟೆಗಂಟೆಯ ಡೇಟಾ ನಾವೇ ಡೌನ್‌ಲೋಡ್ ಮಾಡ್ಕೊಳ್ಳೋ ಹಾಗಿರಬೇಕು, ಇದನ್ನ ಕರಾರಿನಲ್ಲೇ ಬರೆಸಿ.

ಕಾರ್ಯದರ್ಶಿ: ಸರಿ, ಕೊಟೇಶನ್ ಸದ್ಯಕ್ಕೆ ಪಕ್ಕಕ್ಕೆ. ಶನಿವಾರ ರಾತ್ರಿ ಕಳೆದು ಬೆಳಗಿನ ಜಾವ 2ಕ್ಕೆ ಅಳತೆ ಶುರು. ಬಕೆಟ್‌ನಲ್ಲಿ ನೀರು ಹಿಡಿದಿಟ್ಕೊಳ್ಳಿ, 1.30ರೊಳಗೆ ವಾಲ್ವ್ ಮುಚ್ಚಿ ಇಲ್ಲೇ ಮನೆ ನಂಬರ್ ಹಾಕಿ.

ಮನೆ 12: ಬೀಗ ಹಾಕಿರೋ ಮನೆಗಳು?

ಕಾರ್ಯದರ್ಶಿ: ಅವರಿಗೆಲ್ಲ ಫೋನ್ ಮಾಡಿ ಒಪ್ಪಿಗೆ ತಗೊಂಡು ವಾಲ್ವ್‌ಮ್ಯಾನ್ ಹೊರಗಿಂದ ಮುಚ್ತಾರೆ. 3ನೇ ಅಡ್ಡರಸ್ತೆಯ ವಾಲ್ವ್ ಛೇಂಬರ್ ಮೇಲೆ ಬಿಳಿ ಕಾರು ನಿಂತಿದೆ, ಯಾರದ್ದೋ ಅವರು ಶನಿವಾರ ಸಂಜೆಯೊಳಗೆ ತೆಗೀರಿ.