ಕ್ಯಾಟ್‌ಕಾನ್ ಒಡೆಸಿ ಖಾಲಿ ಮಾಡಿಸಬಹುದಾ?

ಪ್ರಶ್ನೆ, ಬೆಂಗಳೂರಿನಿಂದ

ಕ್ಯಾಟ್‌ಕಾನ್ ಅಂದ್ರೆ ಕ್ಯಾಟಲಿಟಿಕ್ ಕನ್ವರ್ಟರ್, ಸೈಲೆನ್ಸರ್ ಪೈಪಿನಲ್ಲಿ ಹೊಗೆ ಶುದ್ಧ ಮಾಡೋ ಡಬ್ಬಿ. ಕಾರು 2014ರದ್ದು, ಬೆಂಗಳೂರು ರಿಜಿಸ್ಟ್ರೇಷನ್, 1.2 ಲೀಟರ್ ಪೆಟ್ರೋಲ್, ಬಿಎಸ್4. 1.1 ಲಕ್ಷ ಕಿ.ಮೀ. ಓಡಿದೆ. ಚೆಕ್ ಇಂಜಿನ್ ಲೈಟ್ ಹತ್ತಿದೆ, ಸ್ಕ್ಯಾನರ್ ಹಾಕಿದ್ರೆ ಪಿ0420 ಬರ್ತಿದೆ. ಜೊತೆಗೆ 80 ದಾಟಿದ ಮೇಲೆ ಗಾಡಿ ಎಳೆಯೋದೇ ಇಲ್ಲ. ಗ್ಯಾರೇಜಿನವರು "ಕ್ಯಾಟ್‌ಕಾನ್ ಬ್ಲಾಕ್ ಆಗಿದೆ, ಹೊಸದು ದುಬಾರಿ. ಒಳಗಿನ ಜೇನುಗೂಡು ಒಡೆದು ತೆಗೆದುಬಿಡೋಣ, ಪಿಕಪ್ಪು ಮೈಲೇಜು ಎರಡೂ ಜಾಸ್ತಿಯಾಗುತ್ತೆ" ಅಂತಿದ್ದಾರೆ. ಗೊತ್ತಿರೋರು ಹೇಳಿ: ಮಾಡಿಸಬಹುದಾ? ಬೇಡ ಅಂದ್ರೆ ಏನು ಮಾಡಿಸಲಿ?

ಉತ್ತರ: ಸ್ಕ್ಯಾನಿಂಗ್, ವೈರಿಂಗ್ ಕೆಲಸ, ತುಮಕೂರು

ಸರ್, ನಿಮ್ಮ ಗಾಡಿಯಲ್ಲಿ ಎರಡು ಬೇರೆ ಬೇರೆ ದೂರುಗಳಿವೆ, ಗ್ಯಾರೇಜಿನವರು ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದಾರೆ. ಪಿ0420 ಹೇಳೋದು ಕ್ಯಾಟ್‌ಕಾನ್ ಹೊಗೆ ಶುದ್ಧ ಮಾಡೋದು ಕಮ್ಮಿಯಾಗಿದೆ ಅಂತ. ಬ್ಲಾಕ್ ಆಗಿದೆ ಅಂತ ಹೇಳೋ ಕೋಡ್ ಅದಲ್ಲ. ಪೂರ್ತಿ ಬ್ಲಾಕ್ ಆದ ಗಾಡಿಯಲ್ಲಿ ಎಷ್ಟೋ ಸಲ ಒಂದು ಕೋಡೂ ಇರಲ್ಲ. ಹಾಗಾಗಿ ಎಳೆಯದೇ ಇರೋದಕ್ಕೆ ಬೇರೆ ಟೆಸ್ಟು, ಲೈಟಿಗೆ ಬೇರೆ ಟೆಸ್ಟು.

ಮೊದಲು ಲೈಟಿನ ವಿಷಯ. ಕ್ಯಾಟ್‌ಕಾನ್‌ಗೆ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತೆ. ಫೋನಿಗೆ ಬ್ಲೂಟೂತ್‌ನಲ್ಲಿ ಸೇರೋ ಸಣ್ಣ ಓಬಿಡಿ ಅಡಾಪ್ಟರ್ (ಗಾಡಿಯ ಕೋಡು, ಸೆನ್ಸರ್ ಅಂಕಿ ಓದೋ ಸಾಧನ) ಸಾಕು, ಎರಡೂ ಸೆನ್ಸರ್‌ಗಳ ಗ್ರಾಫ್ ಒಟ್ಟಿಗೆ ತೆಗೆಯಿರಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ 2500 ಆರ್‌ಪಿಎಮ್‌ನಲ್ಲಿ ಒಂದೆರಡು ನಿಮಿಷ ಹಿಡಿದು ನೋಡಿ. ಮುಂದಿನದು 0.1ರಿಂದ 0.9 ವೋಲ್ಟ್‌ವರೆಗೆ ಬೇಗಬೇಗ ಮೇಲೆ ಕೆಳಗೆ ಹಾರಬೇಕು. ಹಿಂದಿನದು 0.6–0.7ರ ಹತ್ತಿರ ಹೆಚ್ಚುಕಮ್ಮಿ ನೇರವಾಗಿ ನಿಲ್ಲಬೇಕು. ಹಿಂದಿನದೂ ಮುಂದಿನದರ ತರಹವೇ ಹಾರ್ತಿದ್ರೆ ಕ್ಯಾಟ್‌ಕಾನ್ ಆಮ್ಲಜನಕ ಹಿಡಿದಿಟ್ಟುಕೊಳ್ಳೋ ಶಕ್ತಿ ಕಳಕೊಂಡಿದೆ ಅಂತ.

ಆದ್ರೆ ಆ ತೀರ್ಮಾನಕ್ಕೆ ಬರೋ ಮುಂಚೆ ಲೀಕ್ ನೋಡಲೇಬೇಕು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಅಥವಾ ಪೈಪ್ ಜಾಯಿಂಟಿನಲ್ಲಿ ಕೂದಲೆಳೆಯಷ್ಟು ಸಂದಿಯಿದ್ರೂ ಹೊಗೆಯ ಪ್ರತಿ ಮಿಡಿತದ ಮಧ್ಯೆ ಹೊರಗಿನ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತೆ, ಸೆನ್ಸರ್ ಮೋಸ ಹೋಗುತ್ತೆ. ಬೆಳಿಗ್ಗೆ ತಣ್ಣಗಿರುವಾಗ ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ, ಸ್ಟಾರ್ಟ್ ಮಾಡಿ, ಇನ್ನೊಬ್ಬರು ದಪ್ಪ ಬಟ್ಟೆಯಿಂದ ಸೈಲೆನ್ಸರ್ ಬಾಯಿ ಅರೆಬರೆ ಮುಚ್ಚಿದ್ರೆ ಗುಳ್ಳೆ ಏಳೋ ಜಾಗ ಕಾಣುತ್ತೆ. ಬರೀ ಗ್ಯಾಸ್ಕೆಟ್‌ನಲ್ಲಿ ಮುಗಿಯೋ ಕೇಸುಗಳು ಕಮ್ಮಿ ಏನಿಲ್ಲ.

ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು, ಅಂದ್ರೆ ಇಂಜಿನ್ ಕಂಪ್ಯೂಟರ್, ಪೆಟ್ರೋಲ್ ಎಷ್ಟು ಪರ್ಸೆಂಟ್ ಹೆಚ್ಚು ಕಮ್ಮಿ ಮಾಡ್ತಿದೆ ಅನ್ನೋ ಅಂಕಿ) ಕೂಡ ಬರೆದಿಟ್ಟುಕೊಳ್ಳಿ. ಪ್ಲಸ್ ಮೈನಸ್ 10ರ ಒಳಗಿದ್ರೆ ಸರಿ. ಮೈನಸ್ 15 ದಾಟಿದ್ರೆ ಇಂಜಿನ್ ರಿಚ್ ಓಡ್ತಿದೆ, ಅಂದ್ರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ: ಇಂಜೆಕ್ಟರ್ ಸೋರಿಕೆ, ಪ್ರೆಷರ್ ರೆಗ್ಯುಲೇಟರ್, ಕೂಲಂಟ್ ಟೆಂಪರೇಚರ್ ಸೆನ್ಸರ್ ನೋಡಿ. ಅದನ್ನು ಸರಿಮಾಡದೆ ಹೊಸ ಕ್ಯಾಟ್‌ಕಾನ್ ಹಾಕಿದ್ರೆ ಅದೂ ಸಾಯುತ್ತೆ.

ಉತ್ತರ: ಇಂಜಿನ್ ಕೆಲಸ, ಹುಬ್ಬಳ್ಳಿ

ಬ್ಲಾಕ್ ಆಗೇತೋ ಇಲ್ಲೋ ಅನ್ನೋದು ಬಾಯಿಮಾತಿನ್ಯಾಗ ತೀರ್ಮಾನ ಮಾಡೂದಲ್ರೀ, ಗೇಜ್ ಹಚ್ಚಿ ನೋಡೂದು. ಅರ್ಧ ತಾಸಿನ ಕೆಲಸ.

ಒಂದನೇದು ವ್ಯಾಕ್ಯೂಮ್ ಗೇಜ್. ಇಂಟೇಕ್ ಮ್ಯಾನಿಫೋಲ್ಡಿಗೆ ಹಚ್ಚಿ ಐಡಲ್‌ನ್ಯಾಗ (ಆಕ್ಸಿಲರೇಟರ್ ಒತ್ತದ ಇಂಜಿನ್ ಓಡುವಾಗ) ನೋಡ್ರಿ. ಪುಸ್ತಕದಾಗ 18ರಿಂದ 21 ಇಂಚು (ಪಾದರಸದ ಲೆಕ್ಕ) ಅಂತ ಇರತೈತಿ, ಅದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು 900 ಮೀಟರ್ ಎತ್ತರದಾಗ ಐತಿ, ಅಲ್ಲಿ ಸುಮಾರು 3 ಇಂಚು ಕಡಿಮಿ ಬರೂದು ಸಹಜ. 15–18 ಬಂತಂದ್ರ ಇಂಜಿನ್ ಕೆಟ್ಟೈತಿ ಅಂತ ಹೆದರಬ್ಯಾಡ್ರಿ. ಈಗ 2500 ಆರ್‌ಪಿಎಮ್‌ಗೆ ಏರಿಸಿ ಹಿಡೀರಿ. ಸರಿ ಇದ್ದ ಗಾಡಿಯೊಳಗ ಮುಳ್ಳು ಒಮ್ಮೆ ಬಿದ್ದು, ಎದ್ದು, ಅಲ್ಲೇ ನಿಲ್ಲತೈತಿ. ಬ್ಲಾಕ್ ಇದ್ರ ಒಂದು ನಿಮಿಷದೊಳಗ ಮೆಲ್ಲಕ ಇಳಕೋತ ಹೋಗತೈತಿ.

ಎರಡನೇದು ಬ್ಯಾಕ್ ಪ್ರೆಷರ್. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ (22ರ ಸ್ಪ್ಯಾನರ್, ಚೂಡಿ, ಅಂದ್ರ ಥ್ರೆಡ್, 18 ಎಮ್‌ಎಮ್), ಆ ತೂತಿಗೆ ಅಡಾಪ್ಟರ್ ಹಾಕಿ ಕಡಿಮಿ ಪ್ರೆಷರಿನ ಗೇಜ್ ಹಚ್ಚಬೇಕು. ಐಡಲ್‌ನ್ಯಾಗ 1.5 ಪಿಎಸ್‌ಐ ಒಳಗ, 2500ರಾಗ 3ರ ಒಳಗ ಇರಬೇಕು. ಮ್ಯಾಲೆ ಹೋತಂದ್ರ ಮುಂದ ಎಲ್ಲೋ ಕಟ್ಟೇತಿ. ಅದು ಕ್ಯಾಟ್‌ಕಾನೇ ಇರಬೇಕಂತಿಲ್ಲ, ಮಫ್ಲರ್ ಒಳಗಿನ ತಗಡು ಕಿತ್ತು ಅಡ್ಡ ಬಿದ್ದಿರಬಹುದು. ಕ್ಯಾಟ್‌ಕಾನ್ ಹಿಂದಿನ ಜಾಯಿಂಟ್ ಬಿಚ್ಚಿ ಮತ್ತೊಮ್ಮೆ ಅಳೀರಿ. ಪ್ರೆಷರ್ ಇಳೀತಂದ್ರ ತಪ್ಪು ಹಿಂದಿನ ಸೈಲೆನ್ಸರ್‌ದು.

ರಬ್ಬರ್ ಸುತ್ತಿಗಿಲೆ ಹಗೂರಕ ಬಡದು ನೋಡ್ರಿ. ಒಳಗ ಗಳಗಳ ಅಂದ್ರ ಜೇನುಗೂಡು ಒಡದೈತಿ. ಬಿಸಿ ಇದ್ದಾಗ ಮುಟ್ಟಬ್ಯಾಡ್ರಿ. ಇನ್ಫ್ರಾರೆಡ್ ಥರ್ಮಾಮೀಟರ್ ಹಿಡದು ಮುಂದೊಂದು ಹಿಂದೊಂದು ಬಿಸಿ ನೋಡಿ ತೀರ್ಪು ಕೊಡೋರು ಭಾಳ ಮಂದಿ ಇದ್ದಾರ. ಹೊಳಿಯೋ ಸ್ಟೀಲ್ ಮ್ಯಾಲೆ ಆ ಥರ್ಮಾಮೀಟರ್ ಸುಳ್ಳು ಹೇಳತೈತಿ. ಅದೊಂದನ್ನೇ ನಂಬಿ ರೊಕ್ಕ ಖರ್ಚು ಮಾಡಬ್ಯಾಡ್ರಿ.

ಉತ್ತರ: ಎಮಿಷನ್ ಟೆಸ್ಟಿಂಗ್ ಕೆಲಸ, ಮೈಸೂರು

ಒಡೆಸಿದರೆ ಏನಾಗುತ್ತೆ ಅನ್ನೋ ಪ್ರಶ್ನೆಗೆ ನೇರ ಉತ್ತರ. ಬಿಎಸ್4 ಪೆಟ್ರೋಲ್ ಕಾರಿಗೆ ಎಮಿಷನ್ ಟೆಸ್ಟಿನಲ್ಲಿ ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ 0.3 ಪರ್ಸೆಂಟ್, ಹೈಡ್ರೋಕಾರ್ಬನ್ 200 ಪಿಪಿಎಮ್ ಮಿತಿ. 2500ರ ಹೈ ಐಡಲ್‌ನಲ್ಲಿ ಸಿಒ (ಕಾರ್ಬನ್ ಮೊನಾಕ್ಸೈಡ್) 0.2, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣದ ಅಳತೆ) 0.97ರಿಂದ 1.03. ಇಂಜಿನ್ ಎಷ್ಟೇ ಚೆನ್ನಾಗಿ ಟ್ಯೂನ್ ಆಗಿದ್ದರೂ ಕ್ಯಾಟ್‌ಕಾನ್‌ಗೆ ಮುಂಚಿನ ಹೊಗೆಯಲ್ಲಿ ಸಿಒ ಅರ್ಧ ಪರ್ಸೆಂಟಿನ ಆಸುಪಾಸಿನಲ್ಲಿರುವುದು ಸಾಮಾನ್ಯ. ಅಂದರೆ ಖಾಲಿ ಡಬ್ಬಿ ಇಟ್ಟುಕೊಂಡು ಪ್ರಾಮಾಣಿಕವಾಗಿ ಪಾಸಾಗುವುದು ಆಗದ ಮಾತು.

ಕಾನೂನು: 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 182ಎ(4) ಪ್ರಕಾರ ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮಾಲಿನ್ಯ ಮಿತಿ ಮೀರಿ ರಸ್ತೆಯಲ್ಲಿ ಓಡಿಸಿದರೆ 190(2)ರಲ್ಲಿ ಮೊದಲ ಸಲಕ್ಕೇ 10,000ದವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಆಗಬಹುದು, ಮೂರು ತಿಂಗಳು ಲೈಸೆನ್ಸ್ ಅನರ್ಹ. ಕೇಸು ಗ್ಯಾರೇಜಿನವರ ಮೇಲಲ್ಲ, ನಿಮ್ಮ ಮೇಲೆ.

ಹಿಂದಿನ ಸೆನ್ಸರ್‌ಗೆ ಸ್ಪೇಸರ್ (ಅದನ್ನು ಹೊಗೆಯಿಂದ ದೂರ ಸರಿಸುವ ತುಂಡು) ಹಾಕಿ ಲೈಟ್ ಆರಿಸಿಕೊಡುತ್ತೇವೆ ಅನ್ನುವವರೂ ಇದ್ದಾರೆ. ಕೆಲವು ಇಸಿಯುಗಳು ಪೆಟ್ರೋಲ್ ಅಳತೆ ತಿದ್ದಲು ಆ ಸೆನ್ಸರನ್ನೂ ಬಳಸುತ್ತವೆ, ಅದಕ್ಕೆ ಸುಳ್ಳು ತೋರಿಸಿದರೆ ಅಳತೆಯೇ ಕೆಡುತ್ತದೆ. ಟೈಲ್‌ಪೈಪಿನಲ್ಲಿ ಪ್ರೋಬ್ ಇಟ್ಟಾಗ ಬರುವ ಅಂಕಿ ಅಂತೂ ಬದಲಾಗುವುದಿಲ್ಲ.

ಉತ್ತರ: ಫ್ಯಾಬ್ರಿಕೇಷನ್, ಬೆಂಗಳೂರು ಪೀಣ್ಯ

ಪಿಕಪ್ಪಿನ ಮಾತು ನಂಬಬೇಡಿ ಗುರು. ಬ್ಲಾಕ್ ಆದ ಕ್ಯಾಟ್‌ಕಾನ್ ತೆಗೆದ್ರೆ ಗಾಡಿ ಎಳೆಯುತ್ತೆ, ನಿಜ. ಸರಿ ಇರೋ ಕ್ಯಾಟ್‌ಕಾನ್ ಹಾಕಿದ್ರೂ ಅಷ್ಟೇ ಎಳೆಯುತ್ತೆ. 1.2 ಲೀಟರ್ ಇಂಜಿನ್ನಿಗೆ ಕಾಲಿಗೆ ಗೊತ್ತಾಗೋಷ್ಟು ವ್ಯತ್ಯಾಸ ಬರಲ್ಲ. ಬರೋದು ಕೊಳೆತ ಪೆಟ್ರೋಲ್ ವಾಸನೆ ಮತ್ತೆ ಖಾಲಿ ಡಬ್ಬಿಯೊಳಗೆ ಹೊಗೆ ಸುತ್ತಿ ಏಳೋ ಗುಯ್‌ಗುಡೋ ಸದ್ದು.

ಇನ್ನೊಂದು, ಸಣ್ಣ ಕಾರುಗಳಲ್ಲಿ ಹಲವಕ್ಕೆ ಕ್ಯಾಟ್‌ಕಾನ್ ಮ್ಯಾನಿಫೋಲ್ಡ್ ಜೊತೆಗೇ ಒಂದೇ ತುಂಡಾಗಿ ಬರುತ್ತೆ. ಗಾಡಿ ಮೇಲಿಟ್ಟುಕೊಂಡೇ ರಾಡ್ ಹಾಕಿ ಕುಟ್ಟಿದ್ರೆ ಪಿಂಗಾಣಿ ಚೂರು ಹಿಂದಕ್ಕೆ ಹೋಗಿ ಸಿಲಿಂಡರ್ ಸೇರೋ ಅಪಾಯ ಇದೆ. ಆ ಪುಡಿ ಮರಳು ಕಾಗದದ ಕೆಲಸ ಮಾಡುತ್ತೆ, ಆಮೇಲೆ ಗಾಡಿ ಆಯಿಲ್ ಕುಡಿಯೋಕೆ ಶುರು. ಕುಟ್ಟೋನ ಶ್ವಾಸಕೋಶಕ್ಕೂ ಆ ಧೂಳು, ಸುತ್ತಿರೋ ಸೆರಾಮಿಕ್ ನಾರು ಒಳ್ಳೇದಲ್ಲ.

ಥಿನ್ನರ್ ಪೆಟ್ರೋಲ್ ಟ್ಯಾಂಕಿಗೆ ಸುರಿಯೋದು, ಆಸಿಡ್‌ನಲ್ಲಿ ನೆನೆಸೋದು ಎಲ್ಲ ವಿಡಿಯೋದವರ ಆಟ. ಬರೀ ಮಸಿ ಕೂತಿದ್ರೆ, ರಿಚ್ ಓಡೋ ಕಾರಣ ಸರಿಮಾಡಿ ಹೈವೇಯಲ್ಲಿ ಒಂದು ತಾಸು ಓಡಿಸಿದ್ರೆ ತಾನೇ ಉರಿದುಹೋಗುತ್ತೆ. ಕರಗಿ ಗಾಜಾಗಿದ್ರೆ ಯಾವ ನೀರಿನಿಂದಲೂ ಬರಲ್ಲ. ಆಸಿಡ್ ಅಂತೂ ಪ್ಲಾಟಿನಮ್, ಪಲಾಡಿಯಮ್, ರೋಡಿಯಮ್ ಹಿಡಿದಿರೋ ಲೇಪನಕ್ಕೇ ಕುತ್ತು.

ಮತ್ತೆ ಪ್ರಶ್ನೆ ಕೇಳಿದವರು

ಗೇಜ್ ಹಾಕಿಸಿದೆ. ಐಡಲ್‌ನಲ್ಲಿ 16 ಇಂಚು, 2500ರಲ್ಲಿ ಹಿಡಿದರೆ ಇಳಿಯುತ್ತಾ 9ಕ್ಕೆ ಬರುತ್ತೆ. ಬ್ಯಾಕ್ ಪ್ರೆಷರ್ 2500ರಲ್ಲಿ 6 ಪಿಎಸ್‌ಐ, ಹಿಂದಿನ ಜಾಯಿಂಟ್ ಬಿಚ್ಚಿದರೂ ಅಷ್ಟೇ. ಹಳೇ ಕೋಡುಗಳಲ್ಲಿ ಪಿ0302 ಕೂಡ ಇದೆ. ಆಯಿಲ್ ಕಮ್ಮಿಯಾಗೋದಿಲ್ಲ.

ಉತ್ತರ: ಸ್ಕ್ಯಾನಿಂಗ್, ವೈರಿಂಗ್ ಕೆಲಸ, ತುಮಕೂರು

ಹಾಗಾದ್ರೆ ಕ್ಯಾಟ್‌ಕಾನ್ ಬ್ಲಾಕ್ ಆಗಿರೋದು ಖಚಿತ, ಕೊಂದಿದ್ದು ಯಾರು ಅನ್ನೋದೂ ಸಿಕ್ಕಿತು. ಪಿ0302 ಅಂದ್ರೆ ಎರಡನೇ ಸಿಲಿಂಡರ್ ಮಿಸ್ಸಿಂಗ್, ಅಂದ್ರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ತಿಲ್ಲ. ಅಲ್ಲಿ ಉರಿಯದ ಪೆಟ್ರೋಲ್ ಕ್ಯಾಟ್‌ಕಾನ್ ಒಳಗೆ ಹೋಗಿ ಉರಿಯುತ್ತೆ, ಶಾಖ 1000 ಡಿಗ್ರಿ ದಾಟುತ್ತೆ, ಜೇನುಗೂಡು ಕರಗಿ ಮುಚ್ಚಿಕೊಳ್ಳುತ್ತೆ. ಚೆಕ್ ಲೈಟ್ ಮಿಣಮಿಣ ಅಂತ ಮಿನುಗಿದ್ರೆ ಇಸಿಯು ಹೇಳ್ತಿರೋದು ಇದನ್ನೇ, ಆಗ ಆಕ್ಸಿಲರೇಟರ್ ಬಿಟ್ಟು ಪಕ್ಕಕ್ಕೆ ಹಾಕಬೇಕು.

ಎರಡನೇ ಸಿಲಿಂಡರಿನ ಕಾಯಿಲ್ ಮೂರನೆಯದಕ್ಕೆ ಅದಲುಬದಲು ಮಾಡಿ ಓಡಿಸಿ. ಕೋಡ್ ಪಿ0303 ಆದ್ರೆ ಕಾಯಿಲ್ ಹೋಗಿದೆ. ಬದಲಾಗದಿದ್ರೆ ಪ್ಲಗ್, ಇಂಜೆಕ್ಟರ್, ಕೊನೆಗೆ ಕಂಪ್ರೆಷನ್. ಮಿಸ್ಸಿಂಗ್ ಹುಡುಕೋಕೆ ಪ್ಲಗ್ ವೈರೋ ಕಾಯಿಲೋ ಕಿತ್ತು ಇಂಜಿನ್ ಓಡಿಸೋ ಹಳೇ ಪದ್ಧತಿ ಬಿಡಲಿ. ಆ ಒಂದೆರಡು ನಿಮಿಷದ ಹಸಿ ಪೆಟ್ರೋಲ್ ಕ್ಯಾಟ್‌ಕಾನ್‌ಗೇ ಹೋಗೋದು. ಇಂಜೆಕ್ಟರ್ ಕನೆಕ್ಟರ್ ತೆಗೆದು ನೋಡಬೇಕು. ಬ್ಯಾಟರಿ ಸತ್ತಾಗ ಬಿಸಿ ಗಾಡಿ ತಳ್ಳಿ ಸ್ಟಾರ್ಟ್ ಮಾಡೋದನ್ನ ಮ್ಯಾನ್ಯುಯಲ್‌ಗಳಲ್ಲಿ ಬೇಡ ಅನ್ನೋದೂ ಇದಕ್ಕೇ.

ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಇರೋರಿಗೆ ಒಂದು ಮಾತು: ಗ್ಯಾಸಿನಲ್ಲಿ ಸ್ಪಾರ್ಕಿಗೆ ಹೆಚ್ಚು ವೋಲ್ಟೇಜ್ ಬೇಕು, ಸುಮಾರಾದ ಪ್ಲಗ್ ಪೆಟ್ರೋಲ್‌ನಲ್ಲಿ ತಡೆದ್ರೂ ಗ್ಯಾಸಿನಲ್ಲಿ ಮಿಸ್ ಹೊಡೆಯುತ್ತೆ. ಪ್ಲಗ್ ಮುಂಚೆಯೇ ಬದಲಿಸಿ.

ಉತ್ತರ: ಫ್ಯಾಬ್ರಿಕೇಷನ್, ಬೆಂಗಳೂರು ಪೀಣ್ಯ

ಮಿಸ್ಸಿಂಗ್ ಸರಿಹೋದ ಮೇಲೆ ಹೊಸದು ಹಾಕಿಸಿ. ಕಂಪನಿ ಪಾರ್ಟ್ ಆದ್ರೆ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ, ಬಿಎಸ್3 ಗಾಡಿಯದೂ ಬಿಎಸ್4 ಗಾಡಿಯದೂ ನೋಡೋಕೆ ಒಂದೇ ತರಹ ಇದ್ರೂ ಒಳಗಿನ ಲೇಪನ ಬೇರೆ ಇರಬಹುದು. ಹೊರಗಿನ ಯೂನಿವರ್ಸಲ್ ಪೀಸ್ ಅಂದ್ರೆ 400 ಸೆಲ್‌ನದು (ಒಂದು ಚದರ ಇಂಚಿಗೆ ಜೇನುಗೂಡಿನ ತೂತುಗಳ ಲೆಕ್ಕ), ನಿಮ್ಮ ಇಂಜಿನ್ ಅಳತೆಗೆ, ಯೂರೋ 4 ಅಂತ ಕಾಗದದಲ್ಲಿ ಇರೋದನ್ನೇ ತಗೊಳ್ಳಿ. ತೀರಾ ಅಗ್ಗದ್ದರಲ್ಲಿ ಲೋಹ ತೆಳುವಾಗಿರುತ್ತೆ, ಸ್ವಲ್ಪ ಕಾಲಕ್ಕೇ ಪಿ0420 ವಾಪಸ್. 200 ಸೆಲ್‌ನ ಸ್ಪೋರ್ಟ್ಸ್ ಕ್ಯಾಟ್ ರೇಸ್ ಟ್ರ್ಯಾಕಿಗೆ ಇರಲಿ, ನಿಮಗೆ ಬೇಡ.

ಕೆಲಸ ಮಾಡಿಸುವಾಗ:

- ಹಿಂದಿನ ರಾತ್ರಿಯೇ ಸ್ಟಡ್‌ಗಳಿಗೆ ತುಕ್ಕು ಬಿಡಿಸೋ ಆಯಿಲ್ ಹೊಡೆದಿಡಲಿ. ಹೆಡ್‌ನಲ್ಲಿ ಸ್ಟಡ್ ಮುರಿದ್ರೆ ಅದೇ ದೊಡ್ಡ ಬಿಲ್ಲು. ಹೊಸ ಗ್ಯಾಸ್ಕೆಟ್, ಹೊಸ ನಟ್ಟು.
- ವೆಲ್ಡಿಂಗ್ ಇದ್ರೆ ಎರಡೂ ಸೆನ್ಸರ್ ಬಿಚ್ಚಿ, ಬ್ಯಾಟರಿ ನೆಗೆಟಿವ್ ತೆಗೆದು, ಅರ್ಥ್ ಕ್ಲಾಂಪನ್ನು ವೆಲ್ಡ್ ಜಾಗದ ಪಕ್ಕದಲ್ಲೇ ಹಾಕಬೇಕು. 409 ಸ್ಟೀಲಿಗೆ 309ಎಲ್ ರಾಡ್ ಹೊಂದುತ್ತೆ.
- ಬಾಣದ ಗುರುತು ಹಿಂದಕ್ಕೆ ತೋರಿಸಬೇಕು. ಮೂಲ ಜಾಗದಲ್ಲೇ ಕೂರಿಸಿ. ಹಿಂದೆ ಸರಿಸಿದ್ರೆ 250–300 ಡಿಗ್ರಿಗೆ ಬಿಸಿಯಾಗೋದು ತಡ, ಅಲ್ಲಿವರೆಗೆ ಅದು ಕೆಲಸಾನೇ ಶುರು ಮಾಡಲ್ಲ.
- ಸೆನ್ಸರ್ ಚೂಡಿಗೆ ಮಾತ್ರ ಆಂಟಿಸೀಝ್ (ಚೂಡಿ ಕಚ್ಚಿಕೊಳ್ಳದ ಹಾಗೆ ಹಚ್ಚೋ ಪೇಸ್ಟ್), ತುದಿಗೆ ತಾಗಬಾರದು. ಜಾಯಿಂಟಿಗೆ ಸಾಮಾನ್ಯ ಸಿಲಿಕೋನ್ ಬಳಿದ್ರೆ ಸೆನ್ಸರ್ ಹಾಳು.
- ಹೀಟ್ ಶೀಲ್ಡ್ ವಾಪಸ್ ಹಾಕದೆ ಗಾಡಿ ಬಿಡಬೇಡಿ.

ಈ ಕೊನೇದು ಯಾಕೆ ಅಂದ್ರೆ, ನಮ್ಮ ಕಡೆ ಸುಗ್ಗಿ ಸಮಯದಲ್ಲಿ ಹುರುಳಿ, ರಾಗಿ ರಸ್ತೆ ಮೇಲೇ ಒಕ್ಕಣೆಗೆ ಹರಡಿರ್ತಾರೆ. ಸೊಪ್ಪು ಅಡಿಯಲ್ಲಿ ಸುತ್ತಿಕೊಂಡು ಬಿಸಿ ಕ್ಯಾಟ್‌ಕಾನ್‌ಗೆ ತಾಗಿದ್ರೆ ಹೊತ್ತಿಕೊಳ್ಳುತ್ತೆ. ಹಾದುಹೋದ ಮೇಲೆ ಇಳಿದು ಕೆಳಗೆ ಬಗ್ಗಿ ನೋಡಿ, ಒಣಹುಲ್ಲಿನ ಮೇಲೆ ಪಾರ್ಕ್ ಮಾಡಬೇಡಿ.

ಉತ್ತರ: ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರು

ಅಮೆರಿಕದಲ್ಲಿರೋರು ಇದನ್ನು ಓದಿದ್ರೆ: ಇಲ್ಲಿ ತೆಗೆಸೋದು ಕ್ಲೀನ್ ಏರ್ ಆ್ಯಕ್ಟ್ ಉಲ್ಲಂಘನೆ. ಬದಲಿ ಪೀಸ್ ಹಾಕುವಾಗ ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಏರ್ ರಿಸೋರ್ಸಸ್ ಬೋರ್ಡ್ ಕೊಟ್ಟ ಇಒ (ಅನುಮೋದನೆ) ನಂಬರ್ ಅದರ ಮೇಲೆ ಇರಲೇಬೇಕು, ಇಲ್ಲದಿದ್ರೆ ಸ್ಮಾಗ್ ಚೆಕ್ (ಇಲ್ಲಿನ ಎಮಿಷನ್ ಟೆಸ್ಟು) ಫೇಲ್. ದುಡ್ಡು ಕೊಡೋ ಮುಂಚೆ ವಾರಂಟಿ ನೋಡಿ: ಫೆಡರಲ್ ನಿಯಮದಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್‌ಗೆ 8 ವರ್ಷ ಅಥವಾ 80,000 ಮೈಲಿ. 2004–09ರ ಪ್ರಿಯಸ್ ಇದ್ರೆ ಕಳ್ಳರ ಕಣ್ಣು ಅದರ ಮೇಲೇ, ಅಡಿಗೆ ಶೀಲ್ಡ್ ಹಾಕಿಸಿ.

ಉತ್ತರ: ಇಂಜಿನ್ ಕೆಲಸ, ಹುಬ್ಬಳ್ಳಿ

ಕೋಡ್ ಅಳಿಸಿದ ಕೂಡಲೇ ಎಲ್ಲಾ ಸರಿಯಾತು ಅನ್ನಬ್ಯಾಡ್ರಿ. ಸ್ಕ್ಯಾನರ್‌ನ್ಯಾಗ ಕ್ಯಾಟಲಿಸ್ಟ್ ಮಾನಿಟರ್ (ಇಸಿಯು ತಾನೇ ಕ್ಯಾಟ್‌ಕಾನ್ ಪರೀಕ್ಷಿ ಮಾಡೂದು) 'ರೆಡಿ' ಅಂತ ಬರೂತನಾ ಕಾಯಬೇಕು. ಟ್ಯಾಂಕ್ ಕಾಲು ಭಾಗಕ್ಕಿಂತ ಮ್ಯಾಲೆ ಇಟಗೊಂಡು, ತಣ್ಣಗ ಸ್ಟಾರ್ಟ್ ಮಾಡಿ, 60–80ರಾಗ ಒಂದೇ ಸಮ ಹತ್ತು–ಹದಿನೈದು ನಿಮಿಷ ಓಡಸ್ರಿ. ಎರಡು ಮೂರು ಸಲ ಬೇಕಾಗಬಹುದು.

ಮತ್ತ ಹಳೇ ಕ್ಯಾಟ್‌ಕಾನ್ ಬಿಚ್ಚಿದ ಮ್ಯಾಲೆ ಕೇಳಿ ವಾಪಸ್ ಇಸಗೋರಿ. ಕರಗಿದ್ರೂ ಒಳಗಿನ ಲೋಹ ಎಲ್ಲೂ ಹೋಗಿರೂದಿಲ್ಲ, ಗುಜರಿಯವರು ಅದಕ್ಕ ಒಳ್ಳೆ ರೇಟ್ ಕೊಡ್ತಾರ. "ಒಡದು ಖಾಲಿ ಮಾಡಿಕೊಡ್ತೀವಿ" ಅನ್ನೋರು ಆ ಚೂರು ಯಾರಿಗೆ ಹೋಗತಾವ ಅಂತ ಹೇಳೂದಿಲ್ಲ.